ಹಳೆಯ ಶಾಲೆಯ ಉಕ್ಕಿನ ಜಂತಿ: ವಯಸ್ಸಲ್ಲ, ಅಳತೆ ಹೇಳಬೇಕು

ಹಳೆಯ ಶಾಲಾ ಕಟ್ಟಡವೊಂದರ ಮಾಳಿಗೆ ಸೋರತೊಡಗಿದಾಗ ಊರಿನಲ್ಲಿ ಎರಡು ಮಾತುಗಳು ಹುಟ್ಟುತ್ತವೆ. ‘ಅಜ್ಜನ ಕಾಲದಿಂದ ನಿಂತಿದೆ, ಇನ್ನೂ ನಿಲ್ಲುತ್ತದೆ’ ಎಂಬುದು ಒಂದು. ‘ಗರ್ಡರು ತುಕ್ಕು ಹಿಡಿದಿವೆ, ಕೆಡವುವುದೇ ಲೇಸು’ ಎಂಬುದು ಇನ್ನೊಂದು. ಎರಡೂ ಊಹೆಗಳೇ. ಮೊದಲನೆಯದು ತಪ್ಪಾದರೆ ಮಕ್ಕಳ ಪ್ರಾಣಕ್ಕೆ ಸಂಚಕಾರ. ಎರಡನೆಯದು ತಪ್ಪಾದರೆ ಗಟ್ಟಿಯಾದ ಕೋಣೆಗೆ ಬೀಗ ಬೀಳುತ್ತದೆ. ಗಡಿಯಾಚೆಯ ಕನ್ನಡ ಶಾಲೆಗೆ ಈ ಬೀಗ ಹಗುರವಾದ ಸಂಗತಿಯಲ್ಲ. ಸಮೀಪದ ಮತ್ತೊಂದು ಶಾಲೆ ಬಹುಶಃ ಬೇರೆ ಮಾಧ್ಯಮದ್ದಾಗಿರುತ್ತದೆ. ಆದುದರಿಂದ ಉಕ್ಕಿನ ಜಂತಿಯ ಬಲವನ್ನು ನಿರ್ಣಯಿಸುವ ಕ್ರಮವನ್ನು ಪಾಲಕರೂ ಸ್ಥೂಲವಾಗಿ ಅರಿತಿರುವುದು ಅವಶ್ಯ.

ಗವಂಡಿಗಳು ಗರ್ಡರ್ ಎಂದು ಕರೆಯುವ ಈ ಜಂತಿ ಇಂಗ್ಲಿಷಿನ ‘ಐ’ ಅಕ್ಷರದ ಆಕಾರದ್ದು. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ಅವೆರಡನ್ನು ಬೆಸೆಯುವ ನಿಂತ ಹಲಗೆ. ಒಂದು ಗೋಡೆಯಿಂದ ಮತ್ತೊಂದಕ್ಕೆ ಇಂಥ ಜಂತಿಗಳನ್ನಿಟ್ಟು, ಅವುಗಳ ನಡುವೆ ಕಲ್ಲುಹಾಸು ಇಲ್ಲವೆ ಇಟ್ಟಿಗೆಯ ಕಿರುಕಮಾನು ಕೂಡಿಸಿ, ಮೇಲೆ ಗಾರೆ ಹಾಕುವುದು ಹಳೆಯ ಪದ್ಧತಿ.

ಪರೀಕ್ಷೆಯ ಮೊದಲ ಹೆಜ್ಜೆ ಗುರುತಿಸುವುದು. ಬಣ್ಣ, ತುಕ್ಕುಗಳನ್ನು ಕೆರೆದು ನಿಂತ ಹಲಗೆಯನ್ನು ನೋಡಿದರೆ ಕೆಲವೊಮ್ಮೆ ಕಾರ್ಖಾನೆಯ ಉಬ್ಬು ಅಚ್ಚು ದೊರೆಯುತ್ತದೆ. ಬ್ರಿಟನ್ನಿನಲ್ಲಿ ಇಂಥ ಜಂತಿಗಳಿಗೆ ಏಕರೂಪದ ಅಳತೆಗಳು ನಿಗದಿಯಾದದ್ದು 1903ರಲ್ಲಿ, ಅಂಗುಲಗಳಲ್ಲಿ. ಸ್ವಾತಂತ್ರ್ಯಾನಂತರದ ಭಾರತೀಯ ಮಾನಕದ ಅಳತೆಗಳು ಮಿಲಿಮೀಟರಿನಲ್ಲಿವೆ. ಎಂಟು ಅಂಗುಲದ ಹಳೆಯ ಜಂತಿಯ ಎತ್ತರ 203 ಮಿಲಿಮೀಟರ್. ಅದಕ್ಕೆ ಸಮೀಪದ ಭಾರತೀಯ ಜಂತಿಯದು 200. ಮೂರೇ ಮಿಲಿಮೀಟರಿನ ಈ ಅಂತರ ಜಂತಿಯ ಕಾಲವನ್ನು ಸೂಚಿಸಬಲ್ಲದು. ಎತ್ತರದೊಡನೆ ಪಟ್ಟಿಗಳ ಅಗಲ ಮತ್ತು ದಪ್ಪ, ಹಲಗೆಯ ದಪ್ಪ ಇವಿಷ್ಟನ್ನೂ ಅಳೆದರೆ ಹಳೆಯ ಕೋಷ್ಟಕಗಳಲ್ಲಿ ಅದರ ಸ್ಥಾನ ಸಿಗುತ್ತದೆ.

ಕಾಲ ತಿಳಿಯುವುದರಿಂದ ಪ್ರಯೋಜನವುಂಟು. 1909ರ ಲಂಡನ್ ಕಟ್ಟಡ ಕಾಯ್ದೆ ಉಕ್ಕಿನ ಮೇಲೆ ಚದರ ಅಂಗುಲಕ್ಕೆ 7.5 ಟನ್ ಒತ್ತಡವನ್ನಷ್ಟೇ ಅನುಮತಿಸಿತ್ತು. ಮುಂದಿನ ದಶಕಗಳಲ್ಲಿ ಆ ಮಿತಿ ಏರಿತು. ಅಂದರೆ ಹಳೆಯದೆಂಬ ಮಾತ್ರಕ್ಕೆ ಜಂತಿ ದುರ್ಬಲವಲ್ಲ; ಅದನ್ನು ಹೆಚ್ಚು ಎಚ್ಚರಿಕೆಯಿಂದ ಲೆಕ್ಕಹಾಕಿ ಇಟ್ಟಿರಲೂಬಹುದು. ಸಂಶಯ ಉಳಿದರೆ ಹೆಚ್ಚು ಭಾರ ಬೀಳದ ಭಾಗದಿಂದ ಚಿಕ್ಕ ತುಣುಕನ್ನು ಕತ್ತರಿಸಿ ಪ್ರಯೋಗಾಲಯದಲ್ಲಿ ಎಳೆದು ಪರೀಕ್ಷಿಸುತ್ತಾರೆ. ಹಳೆಯ ಲೋಹಕ್ಕೆ ಬೆಸುಗೆ ಹಾಕುವ ಯೋಚನೆಯಿದ್ದರಂತೂ ರಾಸಾಯನಿಕ ಪರೀಕ್ಷೆ ಮೊದಲು ಆಗಬೇಕು.

ಎರಡನೆಯ ಹೆಜ್ಜೆ ಅಂತರಗಳ ಅಳತೆ. ಪ್ರತಿ ಮೀಟರಿನ ಮೇಲಿನ ಭಾರ ಒಂದೇ ಆಗಿದ್ದರೂ, ಗೋಡೆಗಳ ನಡುವಣ ಅಂತರ ಮೂರು ಮೀಟರಿನಿಂದ ನಾಲ್ಕೂವರೆಗೆ ಏರಿದರೆ ಜಂತಿಯನ್ನು ಬಾಗಿಸುವ ಒತ್ತಾಯ ಎರಡೂಕಾಲು ಪಟ್ಟಾಗುತ್ತದೆ. ಒಂದು ಕೋಣೆಯಲ್ಲಿ ಕ್ಷೇಮವಾಗಿರುವ ಜಂತಿ ಪಕ್ಕದ ದೊಡ್ಡ ಕೋಣೆಯಲ್ಲಿ ಅಪಾಯಕಾರಿಯಾಗಬಹುದು. ಕೋಣೆ ದೊಡ್ಡದಾಗಲೆಂದು ನಡುಗೋಡೆಯನ್ನು ಒಡೆಯುವವರು ಇದನ್ನು ಮರೆಯಬಾರದು.

ಮೂರನೆಯದು ಭಾರದ ಲೆಕ್ಕ. ಇಲ್ಲಿಯೇ ಅಪಾಯ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಮಾಳಿಗೆ ಸೋರಿದಾಗಲೆಲ್ಲ ಹಳೆಯ ಗಾರೆಯನ್ನು ತೆಗೆಯದೆ ಹೊಸ ಪದರ ಹಾಕುವುದು ರೂಢಿ. ಹತ್ತು ಸೆಂಟಿಮೀಟರ್ ದಪ್ಪದ ಇಟ್ಟಿಗೆಚೂರು-ಸಿಮೆಂಟಿನ ಪದರ ಚದರ ಮೀಟರಿಗೆ ಸುಮಾರು 200 ಕಿಲೋ ತೂಗುತ್ತದೆ. ಆರು ಮೀಟರ್ ಉದ್ದ, ಐದು ಮೀಟರ್ ಅಗಲದ ತರಗತಿಯ ಮೇಲೆ ಅದು ಆರು ಟನ್ ಭಾರ. ಸಾವಿರ ಲೀಟರಿನ ನೀರಿನ ಟಾಕಿ ಇಟ್ಟರೆ ಇನ್ನೊಂದು ಟನ್, ಅದೂ ಒಂದೆರಡು ಜಂತಿಗಳ ಮೇಲೆಯೇ. ಭಾರತೀಯ ಮಾನಕದಂತೆ ಮೇಲಂತಸ್ತಿನ ತರಗತಿಯ ನೆಲಕ್ಕೆ ಚದರ ಮೀಟರಿಗೆ ಸುಮಾರು 300 ಕಿಲೋ ಬಳಕೆಯ ಭಾರ ಹಿಡಿದರೆ, ಪುಸ್ತಕದ ಕಪಾಟುಗಳ ಕೋಣೆಗೆ ಅದರ ಇಮ್ಮಡಿ ಹಿಡಿಯಬೇಕಾಗುತ್ತದೆ. ತರಗತಿಯನ್ನು ಗ್ರಂಥಾಲಯವಾಗಿಸುವುದು ಶುಭಕಾರ್ಯವೇ. ಆದರೆ ಜಂತಿಯನ್ನು ಕೇಳಿ ಮಾಡಬೇಕು.

ನಾಲ್ಕನೆಯದು ತುಕ್ಕು. ಕೋಷ್ಟಕದ ಅಂಕಿ ಕಾರ್ಖಾನೆಯಿಂದ ಹೊರಬಿದ್ದ ದಿನದ ಜಂತಿಯದು. ಲೆಕ್ಕಕ್ಕೆ ಬೇಕಾದುದು ಇಂದು ಉಳಿದಿರುವ ಲೋಹ. ನಡುಭಾಗ ಚೆನ್ನಾಗಿ ಕಂಡರೂ ಗೋಡೆಯೊಳಗೆ ಹುದುಗಿದ ತುದಿಗಳು ತೇವದಿಂದ ಸವೆದಿರಬಹುದು. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಸುತ್ತಲಿನ ಗೋಡೆಯನ್ನು ಸೀಳುತ್ತದೆ. ಗೋಡೆಯನ್ನು ಸ್ವಲ್ಪ ಬಿಡಿಸಿ ತುದಿಗಳನ್ನು ನೋಡದೆ ಕೊಟ್ಟ ಪ್ರಮಾಣಪತ್ರ ಅರ್ಧಪತ್ರ ಮಾತ್ರ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 2004ರಲ್ಲಿ ಕುಂಭಕೋಣದ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಅಸುನೀಗಿದ ಬಳಿಕ ದಾಖಲಾದ ಅವಿನಾಶ್ ಮೆಹರೋತ್ರಾ ಪ್ರಕರಣದಲ್ಲಿ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಗಿದೆಯೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಸಾರಿತು. ಶಾಲಾ ಕಟ್ಟಡಗಳ ರಚನಾ ಪರಿಶೀಲನೆ ಕಾಲಕಾಲಕ್ಕೆ ನಡೆಯಬೇಕೆಂದೂ ಹೇಳಿತು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆ ಎಲ್ಲ ಋತುಗಳಲ್ಲಿಯೂ ಬಳಸಬಹುದಾದ ಕಟ್ಟಡವನ್ನು ಅಪೇಕ್ಷಿಸುತ್ತದೆ. ಅದರ 21ನೆಯ ಕಲಮಿನಂತೆ ಸರಕಾರಿ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ವ್ಯವಸ್ಥಾಪನಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು; ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದೂ ಆ ಸಮಿತಿಯೇ.

ಆದುದರಿಂದ ಪಾಲಕರು ಸಮಿತಿಯ ಸಭೆಯಲ್ಲಿ ಠರಾವು ಬರೆಸಿ, ಅರ್ಹ ರಚನಾ ಎಂಜಿನಿಯರರ ಲಿಖಿತ ವರದಿಯನ್ನು ಕೇಳುವುದು ಉಚಿತ. ವರದಿಯಲ್ಲಿ ಐದು ಸಂಗತಿಗಳಿರಬೇಕು: ಪ್ರತಿ ಜಂತಿಯ ಅಳತೆ, ಸವೆತದ ನಂತರ ಉಳಿದ ದಪ್ಪ, ತುದಿಗಳ ಸ್ಥಿತಿ, ಮಾಳಿಗೆಯ ಪದರಗಳ ಸಹಿತ ಭಾರದ ಲೆಕ್ಕ, ಮತ್ತು ಕೊನೆಗೆ ಜಂತಿ ಹೊರಬಲ್ಲ ಭಾರವೆಷ್ಟು, ಹೊತ್ತಿರುವ ಭಾರವೆಷ್ಟು ಎಂಬ ಹೋಲಿಕೆ. ಜಂತಿ ಬಾಗಿದ್ದರೆ, ತುದಿಯ ಬಳಿ ಗೋಡೆ ಬಿರಿದಿದ್ದರೆ, ಗಾರೆ ಕಳಚಿ ಬೀಳುತ್ತಿದ್ದರೆ ವರದಿ ಬರುವವರೆಗೆ ಆ ಕೋಣೆಯಲ್ಲಿ ಮಕ್ಕಳನ್ನು ಕೂಡಿಸಬಾರದು. ತರಗತಿಯನ್ನು ಅದೇ ಊರಿನ ಬೇರೊಂದು ಜಾಗದಲ್ಲಿ ತಾತ್ಕಾಲಿಕವಾಗಿ ನಡೆಸುವ ವಿಷಯವನ್ನೂ ಅದೇ ಠರಾವಿನಲ್ಲಿ ಬರೆಸಬೇಕು. ವರದಿ ಬಂದ ಬಳಿಕ ಮೇಲಿನ ಹೆಚ್ಚುವರಿ ಪದರ ಇಳಿಸಿದರೆ ಸಾಕೆ, ನಡುವೆ ಆಧಾರ ಕೊಡಬೇಕೆ, ಜಂತಿಯನ್ನೇ ಬದಲಿಸಬೇಕೆ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಕೆಡವಬೇಕೆಂದು ಅಂಕಿಗಳೇ ಹೇಳಿದರೆ ಕೆಡವಲೇಬೇಕು. ಆದರೆ ಆ ಮಾತನ್ನು ಅಂಕಿಗಳು ಹೇಳಬೇಕು.