ಹುಣಸೂರು ಬಸ್ ನಿಲ್ದಾಣವೂ ಮೈಯೊಳಗಿನ ಮಾತುಕತೆಯೂ

ಪಿರಿಯಾಪಟ್ಟಣದಿಂದ ಹೆಗ್ಗಡದೇವನಕೋಟೆಯ ನೆಂಟರ ಮನೆಗೆ ಹೊರಟ ಅಪ್ಪ, ಮಗಳು ಹುಣಸೂರು ಬಸ್ ನಿಲ್ದಾಣದಲ್ಲಿ ಇಳಿದಿದ್ದಾರೆ. ಕೋಟೆ ಬಸ್ಸಿಗೆ ಇನ್ನೂ ಹೊತ್ತಿದೆ. ಕಡಲೆಕಾಯಿ ಪೊಟ್ಟಣ ಬಿಚ್ಚುತ್ತ ಮಗಳು ಕೇಳುತ್ತಾಳೆ: ‘ಹೋದ ತಿಂಗಳು ಕೆ.ಆರ್. ನಗರಕ್ಕೆ ಹೋಗುವಾಗಲೂ ಇಲ್ಲೇ ಇಳಿದ್ವಿ. ಮೈಸೂರಿಗೆ ಹೋಗೋ ಬಸ್ಸೂ ಇಲ್ಲಿಗೇ ಬರುತ್ತೆ. ಯಾಕಪ್ಪಾ, ಎಲ್ಲಿಗೆ ಹೋಗಬೇಕಾದ್ರೂ ಹುಣಸೂರಿಗೇ ಬರಬೇಕಾ?’

‘ಊ ಕಣವ್ವ, ನಮ್ಮೂರಿನೋರಿಗೆ ಬೇರೆ ದಾರಿಯೆಲ್ಲೈತೆ?’

ಅಪ್ಪ ಹೇಳಿದ್ದು ಆ ಭಾಗದವರಿಗೆಲ್ಲ ಗೊತ್ತಿರುವ ಮಾತು. ಇದೇ ಮಾತನ್ನು ಅಂಕಿಗೆ ಇಳಿಸಿದರೆ ಅದೊಂದು ಶಾಸ್ತ್ರವಾಗುತ್ತದೆ. ಹೆಚ್ಚು ದಾರಿ ಕೂಡುವ ಊರು ಯಾವುದು, ಯಾವ ಊರನ್ನು ತಪ್ಪಿಸಿ ಹೋಗಲು ಆಗದು ಎಂದು ಲೆಕ್ಕ ಹಾಕುವ ಈ ಶಾಸ್ತ್ರವನ್ನು ಜೀವವಿಜ್ಞಾನಿಗಳು ಈಗ ನಮ್ಮ ಮೈಯ ಜೀವಕೋಶಗಳ ಮಾತುಕತೆಯನ್ನು ಅರಿಯಲು ಬಳಸುತ್ತಿದ್ದಾರೆ. ಲೆಕ್ಕ ಹೈಸ್ಕೂಲು ಮಕ್ಕಳೂ ಮಾಡಬಹುದಾದಷ್ಟು ಸುಲಭ. ಬಂದ ಉತ್ತರವನ್ನು ಎಷ್ಟು ನಂಬಬೇಕು ಎಂಬುದು ಮಾತ್ರ ಅಷ್ಟು ಸುಲಭವಲ್ಲ.

ಐದು ಚುಕ್ಕಿ, ಆರು ಗೆರೆ

ಒಂದು ಹಾಳೆಯ ಮೇಲೆ ಐದು ಚುಕ್ಕಿ ಇಡಿ: ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಒಳದಾರಿಗಳನ್ನು ಬಿಟ್ಟು ಮುಖ್ಯ ರಸ್ತೆಗಳನ್ನಷ್ಟೇ ಗೆರೆಯಾಗಿ ಎಳೆಯಿರಿ. ಮೈಸೂರಿನಿಂದ ಹುಣಸೂರಿಗೆ, ಕೆ.ಆರ್. ನಗರಕ್ಕೆ, ಕೋಟೆಗೆ ಮೂರು ಗೆರೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ, ಕೆ.ಆರ್. ನಗರಕ್ಕೆ, ಕೋಟೆಗೆ ಇನ್ನು ಮೂರು. ಒಟ್ಟು ಆರು. ಹೀಗೆ ಚುಕ್ಕಿಗಳೂ ಅವನ್ನು ಕೂಡಿಸುವ ಗೆರೆಗಳೂ ಸೇರಿದರೆ ಅದೊಂದು ‘ಜಾಲ’. ಜಾಲದಲ್ಲಿ ಯಾವ ಚುಕ್ಕಿ ಎಷ್ಟು ಮುಖ್ಯ ಎಂಬ ಅಳತೆಯೇ ‘ಕೇಂದ್ರೀಯತೆ’. ಅಳತೆಗೋಲು ಒಂದೇ ಅಲ್ಲ, ಹಲವಿವೆ.

ಮೊದಲನೆಯದು ಗೆರೆಗಳ ಎಣಿಕೆ. ಹುಣಸೂರಿಗೆ ನಾಲ್ಕು, ಮೈಸೂರಿಗೆ ಮೂರು, ಕೆ.ಆರ್. ನಗರಕ್ಕೂ ಕೋಟೆಗೂ ಎರಡೆರಡು, ಪಿರಿಯಾಪಟ್ಟಣಕ್ಕೆ ಒಂದೇ ಒಂದು.

ಎರಡನೆಯದು ಸಾಮೀಪ್ಯ. ಒಂದು ಊರಿನಿಂದ ಉಳಿದ ನಾಲ್ಕೂ ಊರು ತಲುಪಲು ಒಟ್ಟು ಎಷ್ಟು ಗೆರೆ ದಾಟಬೇಕು? ಹುಣಸೂರಿನಿಂದ ನಾಲ್ಕು, ಮೈಸೂರಿನಿಂದ ಐದು, ಪಿರಿಯಾಪಟ್ಟಣದಿಂದ ಏಳು. ಮೊತ್ತ ಕಡಿಮೆಯಾದಷ್ಟೂ ಊರು ನಡುವಿಗೆ ಹತ್ತಿರ.

ಮೂರನೆಯದು ‘ನಡುವಣ ಸ್ಥಾನ’. ಬೇರೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಎಷ್ಟು ಸಲ ನಿಮ್ಮ ಊರಿನ ಮೂಲಕ ಹಾದುಹೋಗುತ್ತದೆ ಎಂಬ ಲೆಕ್ಕ ಇದು. ಪಿರಿಯಾಪಟ್ಟಣದಿಂದ ಮೈಸೂರಿಗೆ, ಕೆ.ಆರ್. ನಗರಕ್ಕೆ, ಕೋಟೆಗೆ ಹೋಗುವವರೆಲ್ಲ ಹುಣಸೂರು ದಾಟಲೇಬೇಕು. ಅಲ್ಲಿಗೆ ಮೂರು ಅಂಕ. ಕೆ.ಆರ್. ನಗರದಿಂದ ಕೋಟೆಗೆ ಹೋಗುವವರು ಹುಣಸೂರಿನ ಮೇಲೂ ಹೋಗಬಹುದು, ಮೈಸೂರಿನ ಮೇಲೂ ಹೋಗಬಹುದು; ಇಬ್ಬರಿಗೂ ಅರ್ಧರ್ಧ. ಹುಣಸೂರಿಗೆ ಮೂರೂವರೆ, ಮೈಸೂರಿಗೆ ಅರ್ಧ, ಉಳಿದ ಮೂರಕ್ಕೆ ಸೊನ್ನೆ. ಅರಮನೆ, ವಿಶ್ವವಿದ್ಯಾನಿಲಯ, ದೊಡ್ಡಾಸ್ಪತ್ರೆ ಎಲ್ಲವೂ ಇರುವ ಮೈಸೂರು ಈ ಹಾಳೆಯ ಮೇಲೆ ಹುಣಸೂರಿನ ಮುಂದೆ ಸಣ್ಣದಾಗಿಬಿಟ್ಟಿತು!

ಈ ನಡುವಣ ಸ್ಥಾನದ ಲೆಕ್ಕವನ್ನು 1977ರಲ್ಲಿ ಕ್ರಮಬದ್ಧವಾಗಿ ಮಂಡಿಸಿದವನು ಲಿಂಟನ್ ಫ್ರೀಮನ್ ಎಂಬ ಅಮೆರಿಕದ ಸಮಾಜವಿಜ್ಞಾನಿ. ಆತನ ಗಮನವಿದ್ದದ್ದು ರಸ್ತೆಗಳ ಮೇಲಲ್ಲ, ಜನರ ಮೇಲೆ. ಒಂದು ಗುಂಪಿನಲ್ಲಿ ಸುದ್ದಿ ಯಾರ ಮೂಲಕ ಹಾಯುತ್ತದೆ, ಯಾರು ಅದನ್ನು ತಡೆಯಬಲ್ಲರು ಎಂದು ಅಳೆಯುವುದು ಅದರ ಉದ್ದೇಶವಾಗಿತ್ತು. ಜನರಿಗಾಗಿ ಹುಟ್ಟಿದ ಈ ಲೆಕ್ಕ ಮುಂದೆ ಜೀವಕೋಶಗಳ ಅಂಗಳಕ್ಕೆ ಬಂತು.

ಮಂಡಿ ತರಚಿದಾಗ

ಮನುಷ್ಯನ ಮೈಯಲ್ಲಿ ಸುಮಾರು 30ರಿಂದ 37 ಲಕ್ಷ ಕೋಟಿ ಜೀವಕೋಶಗಳಿವೆ ಎಂದು ಅಂದಾಜು. ಇಷ್ಟು ಕೋಶಗಳು ಒಂದೇ ಮೈಯಾಗಿ ಬಾಳಬೇಕಾದರೆ ಅವು ಒಂದರೊಡನೊಂದು ಮಾತಾಡುತ್ತಲೇ ಇರಬೇಕು. ಅವುಗಳ ಮಾತು ಎಂದರೆ ರಾಸಾಯನಿಕ. ಒಂದು ಕೋಶ ಸಂದೇಶದ ಅಣುವನ್ನು ಹೊರಬಿಡುತ್ತದೆ. ಅದನ್ನು ಹಿಡಿಯಬಲ್ಲ ‘ಗ್ರಾಹಿ’ ಎಂಬ ಪ್ರೋಟೀನು ಇನ್ನೊಂದು ಕೋಶದ ಮೈಮೇಲಿದ್ದರೆ ಸಂದೇಶ ಮುಟ್ಟಿತು. ಬೀಗಕ್ಕೆ ತಕ್ಕ ಕೀಲಿಕೈ ಇದ್ದಂತೆ. ಗ್ರಾಹಿ ಇಲ್ಲದ ಕೋಶಕ್ಕೆ ಆ ಮಾತು ಕೇಳಿಸುವುದೇ ಇಲ್ಲ.

ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡ ಹುಡುಗನನ್ನು ನೆನೆಯಿರಿ. ರಕ್ತ ಕಟ್ಟುತ್ತಿದ್ದಂತೆಯೇ ಬಿಳಿ ರಕ್ತಕಣಗಳು ಗಾಯಕ್ಕೆ ಬರುತ್ತವೆ. ಕೊಳೆ ತೆಗೆಯುವವು ಕೆಲವು, ‘ರಿಪೇರಿ ಶುರುಮಾಡಿ’ ಎಂದು ಸಂದೇಶ ಕಳಿಸುವವು ಕೆಲವು. ಆ ಸಂದೇಶ ಕೇಳಿದ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ನಾರು ನೇಯ್ದು ಗಾಯ ಮುಚ್ಚುತ್ತವೆ. ಇದರಲ್ಲಿ ಮುಖ್ಯವಾದ ಒಂದು ಸಂದೇಶಕ್ಕೆ ಟಿಜಿಎಫ್-ಬೀಟಾ ಎಂದು ಹೆಸರು. ಅಳತೆ ಮೀರಿದರೆ ಕಲೆ ದಪ್ಪಗಟ್ಟುತ್ತದೆ. ಸಾಲದಿದ್ದರೆ ಗಾಯ ಮಾಯುವುದು ತಡವಾಗುತ್ತದೆ. ಆದ್ದರಿಂದ ಈ ಸಂದೇಶವನ್ನು ಕಳಿಸುವವರು ಯಾರು, ಕೇಳುವವರು ಯಾರು ಎಂಬುದು ಔಷಧ ಹುಡುಕುವವರಿಗೆ ಬರೀ ಕುತೂಹಲದ ಪ್ರಶ್ನೆಯಲ್ಲ.

ಈಗ ಒಂದೊಂದು ಕೋಶವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿ, ಅದರಲ್ಲಿ ಯಾವ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂದು ಓದುವ ಯಂತ್ರಗಳು ಬಂದಿವೆ. ಹೀಗೆ ಓದಿದರೆ ಯಾವ ಬಗೆಯ ಕೋಶ ಯಾವ ಸಂದೇಶ ತಯಾರಿಸುತ್ತಿದೆ, ಯಾವುದರ ಬಳಿ ಅದಕ್ಕೆ ತಕ್ಕ ಗ್ರಾಹಿ ಇದೆ ಎಂದು ಊಹಿಸಬಹುದು. ಕೋಶದ ಬಗೆಗಳನ್ನು ಚುಕ್ಕಿ ಮಾಡಿ, ಸಂದೇಶಗಳನ್ನು ಗೆರೆ ಮಾಡಿದರೆ ಜಾಲ ಸಿದ್ಧ. ಆದರೆ ಹತ್ತಾರು ಬಗೆಯ ಕೋಶ, ನೂರಾರು ಸಂದೇಶ ಸೇರಿದಾಗ ಆ ಚಿತ್ರ ಸಿಕ್ಕುಬಿದ್ದ ನೂಲಿನುಂಡೆಯಂತೆ ಕಾಣುತ್ತದೆ. ಅದನ್ನು ಬಿಡಿಸಲು ಬೇಕಾದದ್ದು ಹುಣಸೂರಿನ ಲೆಕ್ಕ.

2021ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅರ್ವೈನ್ ಶಾಖೆಯ ಸುವೊಚಿನ್ ಜಿನ್, ಚಿಂಗ್ ನೀ ಮತ್ತು ಸಂಗಡಿಗರು ‘ಸೆಲ್‌ಚಾಟ್’ ಎಂಬ ಕಂಪ್ಯೂಟರ್ ಸಾಧನವನ್ನು ಪ್ರಕಟಿಸಿದರು. ಸಂದೇಶ ಮತ್ತು ಗ್ರಾಹಿಗಳ 2,021 ಜೋಡಣೆಗಳ ಪಟ್ಟಿ ಅದರ ಬೆನ್ನಿಗಿತ್ತು. ರಸ್ತೆಯಲ್ಲಿ ಹೋಗಲೂಬಹುದು, ಬರಲೂಬಹುದು. ಸಂದೇಶ ಮಾತ್ರ ಒಮ್ಮುಖ. ಹಾಗಾಗಿ ಇಲ್ಲಿ ಹೊರಟ ಗೆರೆ ಬೇರೆ, ಬಂದ ಗೆರೆ ಬೇರೆ ಎಂದು ಎಣಿಸುತ್ತಾರೆ. ಹೊರಟದ್ದು ಹೆಚ್ಚಿದ್ದರೆ ಆ ಕೋಶ ‘ಕಳಿಸುವವ’, ಬಂದದ್ದು ಹೆಚ್ಚಿದ್ದರೆ ‘ಕೇಳುವವ’. ನಡುವಣ ಸ್ಥಾನದ ಅಂಕ ಹೆಚ್ಚಿದ್ದರೆ ‘ಮಧ್ಯವರ್ತಿ’. ಇಡೀ ಜಾಲದ ಮಾತಿನ ಹರಿವಿನ ಮೇಲೆ ಹೆಚ್ಚು ಹಿಡಿತ ಇರುವವನು ‘ಪ್ರಭಾವಿ’. ನಾಲ್ಕು ಪಾತ್ರ, ನಾಲ್ಕು ಅಳತೆ.

ಇಲಿಯ ಚರ್ಮದ ಗಾಯಕ್ಕೆ ಈ ಲೆಕ್ಕ ಹಾಕಿದಾಗ ಟಿಜಿಎಫ್-ಬೀಟಾವನ್ನು ಫೈಬ್ರೋಬ್ಲಾಸ್ಟ್‌ಗಳಿಗೆ ಹೆಚ್ಚಾಗಿ ಕಳಿಸುವವು ಬಿಳಿ ರಕ್ತಕಣಗಳ ಕೆಲವು ಗುಂಪುಗಳು ಎಂದು ಕಂಡಿತು. ಅವುಗಳಲ್ಲೇ ಒಂದು ಗುಂಪು ದೊಡ್ಡ ಮಧ್ಯವರ್ತಿಯೂ ಆಗಿತ್ತು. ಗಾಯದೊಳಗಿನ ಹುಣಸೂರು ಅದು!

ರೈಲು ಬಂದರೆ?

ಇಷ್ಟಕ್ಕೇ ಸಂತೋಷಪಟ್ಟು ಹಾಳೆ ಮಡಿಚಿಡುವಂತಿಲ್ಲ. ಅದೇ ಐದು ಚುಕ್ಕಿಗಳ ನಡುವೆ ರಸ್ತೆಯ ಬದಲು ರೈಲು ಹಳಿಯನ್ನು ಎಳೆದು ನೋಡಿ. ಮೈಸೂರು-ಹಾಸನ ರೈಲು ಕೆ.ಆರ್. ನಗರದ ಮೇಲೆ ಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಿಗೆ ರೈಲಿಲ್ಲ. ಮೂರೂವರೆ ಅಂಕ ಪಡೆದ ಹುಣಸೂರಿಗೆ ಈಗ ಸೊನ್ನೆ. ಊರು ಬದಲಾಗಲಿಲ್ಲ, ಗೆರೆ ಬದಲಾಯಿತು. ಯಾವ ಗೆರೆ ಎಳೆದೆವು ಎಂಬುದರ ಮೇಲೆ ‘ಕೇಂದ್ರ’ ನಿಂತಿದೆ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲದಲ್ಲೂ ಇದೇ ಮಾತು. ಗಿಡದ ಕೋಶಗಳ ಸುತ್ತ ಗಟ್ಟಿ ಗೋಡೆಯಿದ್ದರೂ ಅದರಲ್ಲಿ ಅತಿ ಸಣ್ಣ ಕಿಂಡಿಗಳಿದ್ದು, ಪಕ್ಕದ ಕೋಶಗಳು ಅವುಗಳ ಮೂಲಕ ಮಾತಾಡುತ್ತವೆ. ಎಲೆಯಲ್ಲಿ ತೇಪೆ ತೇಪೆಯಾಗಿ ಬಣ್ಣಗೆಡಿಸುವ ಮೊಸಾಯಿಕ್ ವೈರಸ್ಸು ಕಿಂಡಿಯನ್ನು ಹಿಗ್ಗಿಸಿಕೊಂಡು ಕೋಶದಿಂದ ಕೋಶಕ್ಕೆ ನುಗ್ಗುವುದೂ ಇಲ್ಲಿಂದಲೇ. ಆದರೆ ರೋಗ ತಗುಲಿದ ಎಲೆ ದೂರದ ಎಲೆಗೆ ಎಚ್ಚರಿಕೆ ಕಳಿಸುವಾಗ ಮೀಥೈಲ್ ಸ್ಯಾಲಿಸಿಲೇಟ್ ಎಂಬ ರಾಸಾಯನಿಕ ಬಳಕೆಯಾಗುತ್ತದೆ ಎಂದು 2007ರಲ್ಲಿ ಹೊಗೆಸೊಪ್ಪಿನಲ್ಲೇ ಕಂಡುಕೊಂಡರು. ಕಿಂಡಿಗಳ ಜಾಲವನ್ನಷ್ಟೇ ಬರೆದುಕೊಂಡವರಿಗೆ ಈ ಎಚ್ಚರಿಕೆ ಕಾಣುವುದೇ ಇಲ್ಲ.

ಸೆಲ್‌ಚಾಟ್‌ನಂಥ ಸಾಧನಗಳಿಗೂ ಈ ಮಿತಿ ಇದೆ. ಕೋಶ ಸಂದೇಶ ತಯಾರಿಸಲು ಅಣಿಯಾಗಿದೆ ಎಂಬುದು ಅವಕ್ಕೆ ಗೊತ್ತು. ಅದು ನಿಜವಾಗಿ ಹೊರಟಿತೇ, ಮುಟ್ಟಿತೇ, ಕೇಳಿದ ಕೋಶ ಅದರಂತೆ ನಡೆಯಿತೇ ಎಂಬುದನ್ನು ಅವು ಊಹಿಸಬೇಕಷ್ಟೆ. ವೇಳಾಪಟ್ಟಿಯಲ್ಲಿ ಬಸ್ಸಿದೆ ಎಂದಮಾತ್ರಕ್ಕೆ ಬಸ್ಸು ಬಂತೆಂದಲ್ಲ.

ಸದ್ದಿಲ್ಲದ ರಾಣಿ

ಇದಕ್ಕೆ ಒಳ್ಳೆಯ ಪಾಠ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಕಣಜದ ಹುಳುಗಳನ್ನು ಅಭ್ಯಾಸ ಮಾಡಿದ್ದಾರೆ. ಸೂರಿನಡಿಯಲ್ಲಿ, ಕಿಟಕಿ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುವ ಹುಳುಗಳಿವು. ರೊಪಾಲಿಡಿಯಾ ಸಯಾಥಿಫಾರ್ಮಿಸ್ ಎಂಬ ಜಾತಿಯಲ್ಲಿ ರಾಣಿ ಜಗಳಗಂಟಿ. ಯಾರು ಯಾರನ್ನು ದಬಾಯಿಸಿದರು ಎಂದು ಗೆರೆ ಎಳೆದರೆ ನಡುವಿನಲ್ಲಿ ಅವಳೇ. ಅದರ ನೆಂಟ ರೊಪಾಲಿಡಿಯಾ ಮಾರ್ಜಿನೇಟ ಜಾತಿಯ ರಾಣಿ ಸಾಧು. ಯಾರ ತಂಟೆಗೂ ಅಷ್ಟಾಗಿ ಹೋಗುವುದಿಲ್ಲ. ಜಗಳದ ಜಾಲದಲ್ಲಿ ಅವಳು ಯಾವುದೋ ಮೂಲೆಯ ಚುಕ್ಕಿ.

ಹಾಗಾದರೆ ಅವಳು ಲೆಕ್ಕಕ್ಕಿಲ್ಲವೇ? ವಿಜ್ಞಾನಿಗಳು ಆ ರಾಣಿಯನ್ನು ಗೂಡಿನಿಂದ ತೆಗೆದು ನೋಡಿದರು. ನಿಮಿಷಗಳಲ್ಲಿ ಗೂಡಿನ ಶಾಂತಿ ಕದಡಿತು; ಕೆಲಸದ ಹುಳುವೊಂದು ಎಲ್ಲರ ಮೇಲೆ ಏರಿಹೋಗತೊಡಗಿತು. ಮುಂದಿನ ರಾಣಿ ಅವಳೇ. ಹಳೆಯ ರಾಣಿ ತನ್ನ ಇರವನ್ನು ಜಗಳದಿಂದಲ್ಲ, ಗ್ರಂಥಿಯೊಂದರ ರಾಸಾಯನಿಕವನ್ನು ಗೂಡಿಗೆ ಸವರಿ ತಿಳಿಸುತ್ತಿದ್ದಳು. ಆ ಗೆರೆ ಯಾರ ಹಾಳೆಯ ಮೇಲೂ ಇರಲಿಲ್ಲ. ತೆಗೆದು ನೋಡಿದಾಗಲೇ ಅವಳ ಬೆಲೆ ತಿಳಿದದ್ದು.

ಕೋಶಗಳ ವಿಷಯದಲ್ಲೂ ಕೊನೆಯ ತೀರ್ಪು ಇದೇ. ಕೇಂದ್ರೀಯತೆಯ ಅಂಕಿ ಯಾರನ್ನು ಮೊದಲು ವಿಚಾರಿಸಬೇಕೆಂದು ಹೇಳುತ್ತದೆ. ಸಾವಿರ ದಾರಿಗಳಲ್ಲಿ ಹತ್ತನ್ನು ಆರಿಸಿಕೊಡುವ ಆ ಸಹಾಯ ಸಣ್ಣದಲ್ಲ, ವರ್ಷಗಟ್ಟಲೆ ಶ್ರಮ ಉಳಿಯುತ್ತದೆ. ಆದರೆ ಪ್ರಯೋಗಶಾಲೆಯಲ್ಲಿ ಆ ಸಂದೇಶವನ್ನು ತಡೆದು, ಗಾಯ ಮಾಯುವುದು ನಿಜಕ್ಕೂ ಬದಲಾಯಿತೇ ಎಂದು ನೋಡದೆ ಔಷಧಕ್ಕೆ ಕೈಹಾಕುವಂತಿಲ್ಲ. ಅಂಕಿ ಸುಳಿವು ಮಾತ್ರ, ಸಾಕ್ಷಿಯಲ್ಲ.

ಗದಗ್‌ಕರ್ ಅವರೊಡನೆ ಅನಿಂದಿತಾ ಭದ್ರ ಮೊದಲಾದವರು 2009ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಕಣಜದ ಗೂಡುಗಳನ್ನು ಶಾಲೆಯ ತರಗತಿಗಳೊಡನೆ ಹೋಲಿಸಿ ಜಾಲದ ಲೆಕ್ಕ ಹಾಕಿದ್ದಾರೆ. ಮಕ್ಕಳೂ ಇದನ್ನು ಮಾಡಿ ನೋಡಬಹುದು. ತರಗತಿಯಲ್ಲಿ ಯಾರು ಯಾರ ಬಳಿ ಲೆಕ್ಕ ಹೇಳಿಸಿಕೊಳ್ಳುತ್ತಾರೆ ಎಂದು ಒಂದು ಹಾಳೆಯಲ್ಲಿ ಗೆರೆ ಎಳೆಯಿರಿ. ಯಾರು ಯಾರೊಡನೆ ಬುತ್ತಿ ಹಂಚಿಕೊಳ್ಳುತ್ತಾರೆ ಎಂದು ಇನ್ನೊಂದರಲ್ಲಿ. ಎರಡು ಹಾಳೆಯ ಕೇಂದ್ರ ಒಂದೇ ಆಗಬೇಕೆಂದಿಲ್ಲ. ಅಂಕಪಟ್ಟಿ ಎಂಬುದು ಮೂರನೆಯ ಹಾಳೆ. ಅದೊಂದನ್ನೇ ನೋಡಿ ಮಗುವನ್ನು ಅಳೆಯುವ ತಂದೆತಾಯಿಗಳು ಆ ಸದ್ದಿಲ್ಲದ ರಾಣಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಅತ್ತ ಹುಣಸೂರಿನಲ್ಲಿ ಕಡಲೆಕಾಯಿ ಮುಗಿದಿದೆ. ಮಗಳಿಗೆ ಇನ್ನೊಂದು ಸಂಶಯ: ‘ಅಪ್ಪಾ, ಒಂದಿನ ಈ ಬಸ್‌ಸ್ಟ್ಯಾಂಡೇ ಮುಚ್ಚಿಬಿಟ್ರೆ?’

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಕೋಟೆ ಬಸ್ಸು ಬಂತು. ಮಗಳು ಕೇಳಿದ್ದು ಮಾತ್ರ ವಿಜ್ಞಾನಿಗಳು ಕೇಳುವ ಪ್ರಶ್ನೆಯನ್ನೇ.