ಟಿಕ್ ಟಿಕ್ ಸದ್ದಿಗೆ ಇಂಜಿನ್ ಬಿಚ್ಚಬೇಕೆ?

ಕಳೆದ ಕೊಯ್ಲಿನಲ್ಲಿ ಕಾಫಿ ಮೂಟೆ ಹೊತ್ತು ಮೈಸೂರಿಗೆ ಬಂದ ನಮ್ಮ ಸಂಘದ ಹಳೆಯ ಲಾರಿ ಹಿನಕಲ್ ದಾಟುವಷ್ಟರಲ್ಲಿ ಇಂಜಿನ್ನಿನ 'ಟಿಕ್ ಟಿಕ್' ಸದ್ದು ಜೋರಾಯಿತು. ನಗರದ ಒಂದು ವರ್ಕ್‌ಷಾಪಿನವರು ಬಾನೆಟ್ಟು ಎತ್ತಿದವರೇ "ಪೂರ್ತಿ ಇಂಜಿನ್ ಕೆಲಸ ಆಗಬೇಕು" ಎಂದರು. ನಾವೂ ಒಪ್ಪುವವರಿದ್ದೆವು. ತಡೆದವರು ನಮ್ಮ ಡ್ರೈವರು: "ಸ್ವಾಮಿ, ಸದ್ದು ಮೇಲಿಂದ ಬರ್ತಾ ಇದೆ, ಕೆಳಗಿಂದಲ್ಲ."

ಮಾತಿನಲ್ಲಿ ತಥ್ಯವಿತ್ತು. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟು ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ; ಟ್ಯಾಪೆಟ್ಟಿನ ಸದ್ದೂ ಅದೇ ಲಯದ್ದು, ಹಗುರವಾದದ್ದು. ಕೆಳಗಿನಿಂದ ಬರುವ ಗಡುಸಾದ 'ಢಕ್ ಢಕ್' ಬೇರಿಂಗಿನದಿರಬಹುದು; ಅದು ಕೇಳಿದೊಡನೆ ಇಂಜಿನ್ ನಿಲ್ಲಿಸಬೇಕು. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಅಡಗಿದರೆ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ನೋಡಬೇಕು. ಡೀಸೆಲ್ ಇಂಜಿನ್ನಿನಲ್ಲಿ ಇಂಜೆಕ್ಟರೂ ಟಿಕ್ಕೆನ್ನುವುದುಂಟು.

ಆದಕಾರಣ ಮೊದಲು ಸಮತಟ್ಟಾದ ಜಾಗದಲ್ಲಿ ಆಯಿಲ್ ಮಟ್ಟ ನೋಡಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ ಮೇಲಿಟ್ಟು, ಹಿಡಿಗೆ ಕಿವಿಗೊಟ್ಟು ಸದ್ದಿನ ಜಾಗ ಹುಡುಕಿ. ಫ್ಯಾನು, ಬೆಲ್ಟಿನ ಹತ್ತಿರ ಕೈ ಬೇಡ. ನಮ್ಮ ಲಾರಿಯಲ್ಲಿ ಸಡಿಲವಾಗಿದ್ದುದು ಟ್ಯಾಪೆಟ್. ತಯಾರಕರ ಪುಸ್ತಕದ ಅಳತೆಗೆ ಫೀಲರ್ ಗೇಜ್ ಇಟ್ಟು ಸರಿಮಾಡಿಸಿದೆವು. ಸದ್ದು ನಿಂತಿತು, ಸಂಜೆಗೆ ಲಾರಿ ಊರಿಗೆ ಹೊರಟಿತು.

ಹಣ ಉಳಿದದ್ದಕ್ಕಿಂತ ದೊಡ್ಡ ಮಾತೊಂದಿದೆ. ಡ್ರೈವರು ಹದಿನೈದು ದಿನ ಮೊದಲೇ ಸದ್ದಿನ ವಿಷಯ ಹೇಳಿದ್ದರು; "ಕೊಯ್ಲು ಮುಗಿಯಲಿ" ಎಂದು ತಳ್ಳಿದವರು ನಾವು. ಕಾಂಡಕೊರಕ ಹೊಕ್ಕ ಗಿಡವನ್ನು ಗುರುತಿಸಲು ತಡಮಾಡಿದರೆ ಪಕ್ಕದ ಗಿಡಗಳೂ ಹೋಗುತ್ತವೆಂದು ಬಲ್ಲ ನಾವೇ ಹೀಗೆ ಮಾಡಿದೆವು. ಇನ್ನು ಮುಂದೆ ಡ್ರೈವರ ದೂರನ್ನು ಅಂದೇ ಪುಸ್ತಕದಲ್ಲಿ ಬರೆಯಬೇಕು. ಟ್ಯಾಪೆಟ್ ನೋಡದೆ ಇಂಜಿನ್ ಬಿಚ್ಚಲು ಹಣ ಮಂಜೂರು ಮಾಡಬಾರದು. ಸದಸ್ಯ ಬಂಧುಗಳು ಮುಂದಿನ ಸಭೆಯಲ್ಲಿ ಇದನ್ನು ಬೆಂಬಲಿಸಬೇಕೆಂದು ನಮ್ಮ ವಿನಂತಿ.