ಬಂದೂಕು ಒಪ್ಪಿಸದವಳ ಉತ್ತರಕಥೆ

ಬಾಲಸೈನಿಕನು ಬಂದೂಕನ್ನು ಕೆಳಗಿಟ್ಟ ಕ್ಷಣದಲ್ಲಿಯೇ ಚಲನಚಿತ್ರದ ಕಾರ್ಯ ಮುಗಿಯಿತೆಂದೂ, ಅಲ್ಲಿಂದಾಚೆಗಿನ ಅವನ ಬಾಳು ಪರಿಹಾರಸಂಸ್ಥೆಗಳ ವರದಿಗಳಿಗೆ ಸೇರತಕ್ಕ ವಿಷಯವೇ ಹೊರತು ಕಲೆಯ ವಸ್ತುವಲ್ಲವೆಂದೂ, ಆದುದರಿಂದ ಇಂತಹ ಚಿತ್ರಗಳಿಗೆ ಎರಡನೆಯ ಭಾಗವೆಂಬುದು ಕೇವಲ ವ್ಯಾಪಾರದ ಹಂಬಲವೆಂದೂ ವಾದಿಸುವ ವಿಮರ್ಶಕರಿದ್ದಾರೆ. ವಾದ ಕೇಳಲು ಗಂಭೀರವಾಗಿದೆ, ನಿಲ್ಲುವಂಥದಲ್ಲ. ಎರಡನೆಯ ಭಾಗ ಅವಶ್ಯವಾಗಿ ಬೇಕು. ಆದರೆ ಅದರ ನಾಯಕಸ್ಥಾನವನ್ನು ಮತ್ತೆ ಆ ಹುಡುಗನಿಗೇ ಕೊಡುವುದಾದರೆ ನನ್ನ ವಿರೋಧವೂ ಉಂಟು.

ಈವರೆಗಿನ ಚಿತ್ರಗಳು ಎಲ್ಲಿ ನಿಂತಿವೆಯೆಂಬುದು ಓದುಗರು ಅರಿಯದ ಸಂಗತಿಯಲ್ಲ. ‘ಬ್ಲಡ್ ಡೈಮಂಡ್’ (2006) ಚಿತ್ರದಲ್ಲಿ ತನಗೇ ಗುರಿಯಿಟ್ಟ ಮಗನೆದುರು ನಿಂತ ತಂದೆ ಅವನ ಹೆಸರನ್ನೂ ಹೆತ್ತವಳನ್ನೂ ನೆನಪಿಸಿ ಬಂದೂಕನ್ನು ತಗ್ಗಿಸುತ್ತಾನೆ. ಅದು ತಗ್ಗಿದ್ದೇ ತಡ, ಕಥೆ ವಜ್ರದ ಬೆನ್ನು ಹತ್ತಿ ಲಂಡನ್ನಿಗೆ ಹೊರಟುಹೋಗುತ್ತದೆ. ‘ಬೀಸ್ಟ್ಸ್ ಆಫ್ ನೋ ನೇಷನ್’ (2015) ಚಿತ್ರದ ಬಾಲಸೈನಿಕ ಅಗು ಇತರ ಹುಡುಗರೊಡನೆ ಕಡಲಿಗಿಳಿದೊಡನೆ ತೆರೆ ಬೀಳುತ್ತದೆ. ನಿರ್ದೇಶಕ ನ್ಯೂಟನ್ ಅಡುವಾಕಾ ಅವರ ‘ಎಜ್ರಾ’ ಮಾತ್ರ ಯುದ್ಧಾನಂತರದ ವಿಚಾರಣಾಸಭೆಯನ್ನೇ ಕೇಂದ್ರವಾಗಿಟ್ಟುಕೊಂಡು 2007ರ ಫೆಸ್ಪಾಕೊ ಚಲನಚಿತ್ರೋತ್ಸವದಲ್ಲಿ ಅಗ್ರಪ್ರಶಸ್ತಿಯನ್ನು ಗಳಿಸಿತು. ಸಾಹಿತ್ಯದಲ್ಲಿಯಾದರೋ ಐವರಿ ಕೋಸ್ಟಿನ ಅಹ್ಮದು ಕುರುಮಾ ತಮ್ಮ ಬಾಲಸೈನಿಕ ಬಿರಾಹಿಮಾನನ್ನು ಯುದ್ಧದಾಚೆಗೂ ಹಿಂಬಾಲಿಸಿದರು. 2003ರಲ್ಲಿ ಅವರು ತೀರಿಕೊಂಡಾಗ ಅಪೂರ್ಣವಾಗಿದ್ದ ಆ ಉತ್ತರಭಾಗ ಮರುವರ್ಷ ಪ್ರಕಟವಾಯಿತು. ಇವೆಲ್ಲದರಲ್ಲಿಯೂ ಹುಡುಗನೇ.

ಇನ್ನು ಯಾರೂ ಲಕ್ಷ್ಯಕ್ಕೆ ತಾರದ ಒಂದು ಅಂಕಿ. ಸಿಯೆರಾ ಲಿಯೋನಿನ ಅಂತರ್ಯುದ್ಧ 1991ರಿಂದ 2002ರವರೆಗೆ ನಡೆಯಿತು. ಅಲ್ಲಿ ನಿರಸ್ತ್ರೀಕರಣ ಯೋಜನೆಯ ಮೂಲಕ ಪಡೆಗಳಿಂದ ಬಿಡುಗಡೆ ಹೊಂದಿದ ಮಕ್ಕಳು 6,800ರಷ್ಟು, ಅವರಲ್ಲಿ ಹುಡುಗಿಯರು ನೂರಕ್ಕೆ ಸುಮಾರು 8. ಪಡೆಗಳಲ್ಲಿದ್ದ ಮಕ್ಕಳ ಪೈಕಿ ಹುಡುಗಿಯರು ನೂರಕ್ಕೆ 30ರ ಆಸುಪಾಸಿನಲ್ಲಿದ್ದರೆಂಬುದು ಸಂಶೋಧಕರ ಅಂದಾಜು.

ಮಿಕ್ಕ ಹುಡುಗಿಯರು ಆಯುಧ ಒಪ್ಪಿಸುವ ಸಾಲಿಗೇ ಬರಲಿಲ್ಲ. ಆಯುಧವನ್ನು ಒಪ್ಪಿಸಿದವನೇ ಯೋಧನೆಂಬುದು ಯೋಜನೆಯ ಲೆಕ್ಕ. ಈ ನಿಬಂಧನೆ ಮಕ್ಕಳಿಗೆ ಸಲ್ಲದೆಂದು ಕಾಗದದ ಮೇಲಿದ್ದಿತಾದರೂ, ಎ.ಕೆ. 47 ಬಂದೂಕನ್ನು ಕೈಗಿತ್ತು, ಬಿಚ್ಚಿ ಜೋಡಿಸಿ ತೋರಿಸೆಂದು ಮಕ್ಕಳನ್ನು ಪರೀಕ್ಷಿಸಿದ ಪ್ರಸಂಗಗಳು ದಾಖಲೆಯಲ್ಲಿವೆ. ಹೊರೆ ಹೊತ್ತವಳು, ಅಡುಗೆ ಬೇಯಿಸಿದವಳು, ಬೇಹು ನಡೆಸಿದವಳು, ದಳಪತಿಗೆ ಬಲವಂತದ ಹೆಂಡತಿಯಾದವಳು ಯಾವ ಬಂದೂಕನ್ನು ಜೋಡಿಸಿ ತೋರಿಸಬೇಕು? ನಿಜವಾಗಿಯೂ ಕಾದಾಡಿದ್ದವಳ ಕೈಯಿಂದಲೂ ಆಯುಧವನ್ನು ಮೊದಲೇ ಕಿತ್ತು ಬೇರೊಬ್ಬನಿಗೆ ಕೊಟ್ಟುದುಂಟು, ಯೋಜನೆಯ ಸವಲತ್ತು ಅವನಿಗೆ ಸಲ್ಲಲೆಂದು. ಹೀಗೆ ಲೆಕ್ಕದಿಂದ ಹೊರಗುಳಿದವಳು ಕಂಕುಳಲ್ಲಿ ಕೂಸಿನೊಡನೆ ತವರೂರಿಗೆ ಮರಳಿದರೆ ‘ಬಂಡುಕೋರನ ಹೆಂಡತಿ’ಯೆಂಬ ನಿಂದೆ, ಮರಳದಿದ್ದರೆ ಅಪಹರಿಸಿದವನ ಮನೆಯೇ ಗತಿ. ಆ ದೇಶದ ವಿಶೇಷ ನ್ಯಾಯಾಲಯವು ಬಲವಂತದ ವಿವಾಹವನ್ನು ಮಾನವತೆಯ ವಿರುದ್ಧದ ಅಪರಾಧವೆಂದೆಣಿಸಿ ಬಂಡುಕೋರ ನಾಯಕರನ್ನು ದೋಷಿಗಳೆಂದು ತೀರ್ಮಾನಿಸಿದ್ದು 2009ರಲ್ಲಿ. ನಿರಸ್ತ್ರೀಕರಣ ಮುಗಿದು ಆ ವೇಳೆಗೆ ಏಳು ವರ್ಷಗಳು ಸಂದಿದ್ದುವು.

ಬಂದೂಕು ಕೆಳಗಿಟ್ಟಲ್ಲಿಗೆ ಕಥೆ ಮುಗಿಯಿತೆನ್ನುವ ವಿಮರ್ಶಕನು, ತಿಳಿದೋ ತಿಳಿಯದೆಯೋ, ಆ ನಿರಸ್ತ್ರೀಕರಣ ಶಿಬಿರದ ಗುಮಾಸ್ತೆಯ ಲೆಕ್ಕವನ್ನೇ ಕಲಾತತ್ತ್ವವೆಂದು ಪ್ರತಿಪಾದಿಸುತ್ತಿದ್ದಾನೆ. ಕೆಳಗಿಡಲು ಬಂದೂಕೇ ಇಲ್ಲದವಳ ಕಥೆಗೆ ಈ ಸೂತ್ರದ ಪ್ರಕಾರ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಯುದ್ಧಾನಂತರದ ಬಾಳಿನಲ್ಲಿ ನಾಟಕೀಯತೆ ಇಲ್ಲವೆಂಬುದಂತೂ ಶುದ್ಧ ಅಜ್ಞಾನ. 2002ರಿಂದ ಮೊದಲ್ಗೊಂಡು ಅದೇ ದೇಶದ ಮಕ್ಕಳನ್ನು ಅವರು ಪ್ರಾಪ್ತವಯಸ್ಕರಾಗುವವರೆಗೂ ಅನುಸರಿಸಿದ ಸಂಶೋಧಕಿ ಥೆರೆಸಾ ಬೆಟಾಂಕೋರ್ಟ್ ಅವರ ಅಧ್ಯಯನವು, ರಣರಂಗದಲ್ಲಿ ಕಂಡುದು ಮಾತ್ರವಲ್ಲ, ಹಿಂದಿರುಗಿದ ಮೇಲೆ ಮನೆಯವರೂ ಊರವರೂ ನಡೆಸಿಕೊಂಡ ಬಗೆಯೂ ಆ ಮಕ್ಕಳ ಮುಂದಿನ ಬದುಕನ್ನು ರೂಪಿಸುತ್ತದೆಂದು ತೋರಿಸಿಕೊಟ್ಟಿತು. ಅಂದಮೇಲೆ ಹೊಸಿಲು, ಸಂತೆ, ಶಾಲೆಯ ಬಾಗಿಲು ಇವೇ ಎರಡನೆಯ ಭಾಗದ ರಂಗಸ್ಥಳಗಳು.

ಇಂತಹ ಚಿತ್ರಕ್ಕೆ ಹಣ ಹೂಡುವವರಾರು, ನೋಡುವವರಾರು ಎಂಬುದು ಕಡೆಯ ಆಕ್ಷೇಪ. ಅಪಹೃತ ಹುಡುಗಿಯನ್ನೇ ನಾಯಿಕೆಯಾಗಿಸಿ ನಿರ್ದೇಶಕ ಕಿಮ್ ನ್ಗುಯೆನ್ ಕಾಂಗೋದಲ್ಲಿ ಚಿತ್ರೀಕರಿಸಿದ ‘ರೆಬೆಲ್’ಗೆ (2012) ಹಣವೂ ದೊರೆಯಿತು, ಆಸ್ಕರ್ ನಾಮನಿರ್ದೇಶನವೂ ದೊರೆಯಿತು, ಕಿನ್ಶಾಸಾದ ಬೀದಿಯಲ್ಲಿ ಬೆಳೆದ ಅದರ ನಟಿ ರೇಚಲ್ ಮ್ವಾಂಜಾ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ಅಭಿನೇತ್ರಿಯೆಂದು ಬೆಳ್ಳಿಯ ಕರಡಿಯನ್ನು ಪಡೆದಳು. ಎಳೆಗೂಸಿನ ತಾಯಿಯಾದ ಆ ಚಿತ್ರದ ನಾಯಿಕೆ ಕೊಮೋನಾ ಮುಂದೆ ಬಾಳಿದುದು ಹೇಗೆಂಬುದನ್ನು ತೋರಿಸಲು ನಿರ್ಮಾಪಕರು ಇಷ್ಟು ವರ್ಷ ಏಕೆ ಮುಂದೆ ಬರಲಿಲ್ಲವೆಂಬ ಪ್ರಶ್ನೆಯನ್ನು ವಿಮರ್ಶಕರು ಅವರಿಗೆ ಕೇಳಲಿ. ಚಿತ್ರ ಬೇಡವೆಂದು ಪ್ರೇಕ್ಷಕನ ಪರವಾಗಿ ಉತ್ತರ ಹೇಳುವ ಅಧಿಕಾರವನ್ನು ವಿಮರ್ಶಕರಿಗೆ ಯಾರೂ ಕೊಟ್ಟಿಲ್ಲ.